ಸಕ್ಕರೆಯಿಂದ ಗಂಜಿಗೆ



ಮಡಿವಾಳನು ಗಂಜಿ ಹಾಕಿ ಇಸ್ತ್ರಿ ಮಾಡಿ ತಂದುಕೊಟ್ಟ ಪಂಚೆಯೊಂದನ್ನು ಕೈಗೆ ತೆಗೆದುಕೊಂಡು ನೋಡೋಣ. ಅದರಲ್ಲಿ ಮುಖ್ಯವಾಗಿ ಎರಡು ಪದಾರ್ಥಗಳಿವೆ. ಒಂದು ಹತ್ತಿಯ ನೂಲು. ಇನ್ನೊಂದು ಆ ನೂಲಿಗೆ ಬಿರುಸನ್ನು ಕೊಟ್ಟಿರುವ ಗಂಜಿ. ಒಂದನ್ನು ಉಡುತ್ತೇವೆ, ಇನ್ನೊಂದನ್ನು ಉಣ್ಣುತ್ತೇವೆ. ನೋಡುವವರ ಕಣ್ಣಿಗೆ ಇವೆರಡಕ್ಕೂ ಯಾವ ನಂಟೂ ಕಾಣುವುದಿಲ್ಲ. ಆದರೆ ರಸಾಯನ ಶಾಸ್ತ್ರಜ್ಞನನ್ನು ಕೇಳಿದರೆ, ಎರಡೂ ಒಂದೇ ಸಕ್ಕರೆಯ ಕುಡಿಗಳೆಂದು ಆತನು ಹೇಳುತ್ತಾನೆ. ಹಣ್ಣಾದ ದ್ರಾಕ್ಷಿಯಲ್ಲಿಯೂ ನಮ್ಮ ರಕ್ತದಲ್ಲಿಯೂ ಇರುವ ಗ್ಲೂಕೋಸೆಂಬ ದ್ರಾಕ್ಷಿಸಕ್ಕರೆಯ ಅಣುಗಳು ನೂರುಗಟ್ಟಲೆ, ಸಾವಿರಗಟ್ಟಲೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸರಪಳಿಯಾದರೆ ಅದೇ ಗಂಜಿಯಲ್ಲಿರುವ ಪಿಷ್ಟ. ಕೊಂಡಿ ಹಾಕುವ ಬಗೆ ತುಸು ಬದಲಾದರೆ ಅದೇ ಹತ್ತಿಯಲ್ಲಿರುವ ಸೆಲ್ಯುಲೋಸು. ಇಂಥ ಪದಾರ್ಥಗಳಿಗೆ ಬಹುಶರ್ಕರಗಳೆಂದು ಹೆಸರು.

ಈ ಸರಪಳಿಯನ್ನು ಕಡಿಯುವುದು ಕಷ್ಟವಲ್ಲ. ಒಂದು ಹಿಡಿ ಅವಲಕ್ಕಿಯನ್ನು ಬಾಯಲ್ಲಿ ಹಾಕಿಕೊಂಡು ಸಾವಕಾಶವಾಗಿ ಅಗಿದರೆ ಸಪ್ಪೆಯಾಗಿದ್ದುದು ಸಿಹಿಯಾಗುವುದನ್ನು ಎಲ್ಲರೂ ಅನುಭವಿಸಿದ್ದೇವೆ. ಜೊಲ್ಲಿನ ಕಿಣ್ವವು ಪಿಷ್ಟವನ್ನು ಕಡಿದು ಸಕ್ಕರೆಯಾಗಿ ಮಾಡುತ್ತದೆ. ಆದರೆ ಬಿಡಿ ಸಕ್ಕರೆಯನ್ನು ಕೂಡಿಸಿ ಪಿಷ್ಟವನ್ನು ಮಾಡುವುದು? ಗದ್ದೆಯಲ್ಲಿ ನಿಂತಿರುವ ಬತ್ತದ ಪೈರು ಅದನ್ನು ಸದ್ದಿಲ್ಲದೆ ಮಾಡುತ್ತಲೇ ಇದೆ. ಅದನ್ನೇ ತಮ್ಮ ಗಾಜಿನ ಪಾತ್ರೆಯಲ್ಲಿ ಮಾಡಬೇಕೆಂದು ಹೊರಟ ಪಂಡಿತರು ಎಪ್ಪತ್ತು ವರ್ಷಗಳ ಕಾಲ ಏನೇನು ಮಾಡಿದರು, ಏನನ್ನು ಪಡೆದರು, ಪಡೆದುದಕ್ಕೆ ಯಾವ ಹೆಸರಿಟ್ಟರು ಎಂಬುದೇ ಇಂದಿನ ನನ್ನ ಭಾಷಣದ ವಿಷಯ. ಹೆಸರಿಟ್ಟ ವಿಚಾರವನ್ನು ಬೇರೆಯಾಗಿ ಹೇಳುವುದಕ್ಕೆ ಕಾರಣವುಂಟು. ಈ ಚರಿತ್ರೆಯಲ್ಲಿ ಕೈತಪ್ಪಿಗಿಂತ ಹೆಸರಿನ ತಪ್ಪೇ ಹೆಚ್ಚಾಗಿ ಬಾಧಿಸಿತು.

ಮೊದಲು ಕಡಿದವರ ಕಥೆ. ನೆಪೋಲಿಯನ್ನನು ೧೮೦೬ರಲ್ಲಿ ಇಂಗ್ಲೆಂಡಿನ ವ್ಯಾಪಾರಕ್ಕೆ ಯೂರೋಪಿನ ರೇವುಗಳನ್ನು ಮುಚ್ಚಿಸಿದ ಮೇಲೆ ಆ ಖಂಡದಲ್ಲಿ ಕಬ್ಬಿನ ಸಕ್ಕರೆಗೆ ಅಭಾವವುಂಟಾಯಿತು. ೧೮೧೧ರಲ್ಲಿ ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ ಕಿರ್ಕೊಫ್ ಎಂಬಾತನು ಪಿಷ್ಟವನ್ನು ನೀರಿನಲ್ಲಿ ಕದಡಿ, ಸ್ವಲ್ಪ ಗಂಧಕಾಮ್ಲವನ್ನು ಬೆರೆಸಿ, ಬಹಳ ಹೊತ್ತು ಕುದಿಸಿದನು. ಆತನು ಅರಸುತ್ತಿದ್ದುದು ಸಕ್ಕರೆಯನ್ನಲ್ಲವಂತೆ. ಅರಬ್ಬೀ ಗೋಂದಿಗೆ ಬದಲಾಗಬಲ್ಲ ಒಂದು ಅಂಟನ್ನು. ಗಂಜಿ ತೆಳುವಾಯಿತು, ತಿಳಿಯಾಯಿತು, ಕೊನೆಗೆ ಸಿಹಿಯಾಯಿತು. ಹಾಕಿದ ಆಮ್ಲವು ಮಾತ್ರ ಹಾಕಿದಷ್ಟೇ ಉಳಿದಿದ್ದಿತು. ಗೋಂದನ್ನು ಬಯಸಿ ಸಕ್ಕರೆಯನ್ನು ಪಡೆದವನು ಕಿರ್ಕೊಫ್. ಅವನ ಹಿಂದೆ ಬಂದವರು ಪಿಷ್ಟವನ್ನು ಬಯಸಿ ಗೋಂದನ್ನು ಪಡೆದರು. ಆ ಭಾಗಕ್ಕೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಬರುತ್ತೇನೆ.

೧೮೧೯ರಲ್ಲಿ ಫ್ರಾನ್ಸಿನ ನಾನ್ಸಿ ಪಟ್ಟಣದ ಬ್ರಾಕೊನೊ ಎಂಬುವನು ಹಳೆಯ ನಾರುಬಟ್ಟೆಯ ಚಿಂದಿಗಳನ್ನು ಗಂಧಕಾಮ್ಲದಲ್ಲಿ ಕರಗಿಸಿ, ನೀರು ಬೆರೆಸಿ ಕುದಿಸಿ, ಅದರಿಂದಲೂ ಸಕ್ಕರೆಯನ್ನು ತೆಗೆದನು. ಚಿಂದಿಬಟ್ಟೆಯಿಂದ ಸಕ್ಕರೆ ಬಂದಿತೆಂದರೆ ಅಂದಿನ ಜನ ನಕ್ಕಿದ್ದರೆ ಆಶ್ಚರ್ಯವಿಲ್ಲ. ಅದಕ್ಕಿಂತ ಆಶ್ಚರ್ಯವೆಂದರೆ, ದೊರೆತ ಸಕ್ಕರೆಯ ತೂಕವು ಹಾಕಿದ ಚಿಂದಿಯ ತೂಕಕ್ಕಿಂತ ಹೆಚ್ಚಾಗಿದ್ದುದು. ಜಿನೀವ ನಗರದ ಸೊಸ್ಸೂರನು ಇದಕ್ಕೆ ಮೊದಲೇ ಪಿಷ್ಟದಲ್ಲಿ ಇಂಥ ಏರಿಕೆಯನ್ನು ತೂಗಿ ನೋಡಿ, ಪಿಷ್ಟವು ಸಕ್ಕರೆಯಾಗುವಾಗ ನೀರನ್ನು ತನ್ನೊಳಗೆ ಸೇರಿಸಿಕೊಳ್ಳುತ್ತದೆಂದು ತೋರಿಸಿದ್ದನು. ಇಂದಿನ ಲೆಕ್ಕದಲ್ಲಿ ೧೬೨ ತೂಕ ಪಿಷ್ಟಕ್ಕೆ ೧೮ ತೂಕ ನೀರು ಸೇರಿ ೧೮೦ ತೂಕ ಗ್ಲೂಕೋಸು ಆಗುತ್ತದೆ.

ಹಾಗಾದರೆ ಹಿಂದಿರುಗುವ ದಾರಿ ಕಾಗದದ ಮೇಲೆ ಬಹು ಸುಲಭ. ೧೮೦ ತೂಕ ಸಕ್ಕರೆಯಿಂದ ೧೮ ತೂಕ ನೀರನ್ನು ಕಿತ್ತುಕೊಂಡರೆ ಪಿಷ್ಟವು ಬರಬೇಕು! ನೀರನ್ನು ಕಿತ್ತುಕೊಳ್ಳುವುದರಲ್ಲಿ ಗಂಧಕಾಮ್ಲಕ್ಕೆ ಸಮನಾದುದು ಯಾವುದಿದೆ? ಸ್ಟ್ರಾಸ್‌ಬರ್ಗ್ ನಗರದ ಆಸ್ಪತ್ರೆಯಲ್ಲಿ ಔಷಧಶಾಸ್ತ್ರಜ್ಞನಾಗಿದ್ದ ಮುಸ್ಕುಲುಸನು ೧೮೭೨ರಲ್ಲಿಯೂ, ಮತ್ತೆ ಮೈಯರ್ ಎಂಬುವನೊಡನೆ ೧೮೮೧ರಲ್ಲಿಯೂ ಈ ಹಾದಿಯನ್ನೇ ಹಿಡಿದನು. ಗ್ಲೂಕೋಸನ್ನು ತೀವ್ರವಾದ ಗಂಧಕಾಮ್ಲದಲ್ಲಿ ಕರಗಿಸಿ ಮದ್ಯಸಾರದೊಡನೆ ಬೆರೆಸಿಟ್ಟರೆ ಬಿಳಿಯ ಗಸಿಯೊಂದು ಕೆಳಗಿಳಿಯಿತು. ಅದು ಸಕ್ಕರೆಯಂತೆ ಹರಳಾಗಲಿಲ್ಲ. ನೀರಿನಲ್ಲಿ ಅಂಟಾಗಿ ಕರಗಿತು. ಇದು ಡೆಕ್ಸ್ಟ್ರಿನ್ ಎಂದರು. ಪ್ಯಾರಿಸಿನ ಗೋತಿಯೆ ೧೮೭೪ರಲ್ಲಿ ಹೈಡ್ರೋಕ್ಲೋರಿಕ್ ಆಮ್ಲದ ಅನಿಲದಿಂದ ಇಂಥದೇ ಒಂದು ವಸ್ತುವನ್ನು ಪಡೆದನು. ೧೮೮೬ರಲ್ಲಿ ಗ್ರಿಮೋ ಮತ್ತು ಲೆಫೆವ್ರ್ ಎಂಬಿಬ್ಬರು ಗ್ಲೂಕೋಸನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ, ಗಾಳಿಯನ್ನು ಹೊರಗೆಳೆದ ಪಾತ್ರೆಯಲ್ಲಿ ಬತ್ತಿಸಿದರು. ಅವರಿಗೆ ದೊರೆತುದೂ ಡೆಕ್ಸ್ಟ್ರಿನ್ನೇ. ಈ ಗ್ರಿಮೋ ಪ್ಯಾರಿಸಿನ ಪಾಲಿಟೆಕ್ನಿಕ್ ಶಾಲೆಯಲ್ಲಿ ಪ್ರಾಧ್ಯಾಪಕನಾಗಿದ್ದವನು. ೧೮೯೮ರಲ್ಲಿ ಡ್ರೈಫಸ್ ಪ್ರಕರಣದ ಕಾಲಕ್ಕೆ ಜೋಲಾನ ಪರವಾಗಿ ನ್ಯಾಯಸ್ಥಾನದಲ್ಲಿ ಸಾಕ್ಷಿ ನುಡಿದು ಆ ಹುದ್ದೆಯನ್ನು ಕಳೆದುಕೊಂಡನು. ವಿಷಯಕ್ಕೆ ಹೊರಗಿನ ಮಾತಾದರೂ ಹೇಳದೆ ಹೋಗಲು ಮನಸ್ಸು ಒಪ್ಪಲಿಲ್ಲ.

ಡೆಕ್ಸ್ಟ್ರಿನ್ ಎಂದರೇನು? ಪಿಷ್ಟವನ್ನು ಹುರಿದರೆ, ಅಥವಾ ಅರ್ಧ ಕಡಿದು ನಿಲ್ಲಿಸಿದರೆ, ದೊರೆಯುವ ಅಂಟು. ಅಂಚೆಚೀಟಿಗಳ ಹಿಂದೆ ಬಳಿಯುತ್ತಿದ್ದ ಗೋಂದು. ಅದೊಂದು ವಸ್ತುವಲ್ಲ, ಬೇರೆ ಬೇರೆ ಉದ್ದದ ತುಂಡು ಸರಪಳಿಗಳ ರಾಶಿ. ಆ ಕಾಲದಲ್ಲಿ ಹರಳಾಗದೆ, ಮದ್ಯಸಾರದಲ್ಲಿ ಕರಗದೆ, ಬೆಳಕಿನ ಕಂಪನತಲವನ್ನು ಬಲಕ್ಕೆ ತಿರುಗಿಸುವ ಅಂಟಿಗೆಲ್ಲ ಡೆಕ್ಸ್ಟ್ರಿನ್ ಎಂಬುದೇ ಹೆಸರು. ಪಿಷ್ಟವನ್ನು ಕಡಿದಾಗ ಬಂದ ಅಂಟಿಗೂ ಸಕ್ಕರೆಯನ್ನು ಕೂಡಿಸಿದಾಗ ಬಂದ ಅಂಟಿಗೂ ಒಂದೇ ಹೆಸರನ್ನು ಕೊಟ್ಟ ಮೇಲೆ, ಎರಡೂ ಒಂದೇ ಎಂದು ನಂಬುವುದಕ್ಕೆ ಎಷ್ಟು ಹೊತ್ತು ಬೇಕು? ಮೆಟ್ಟಿಲಿನ ಅರ್ಧವನ್ನು ಏರಿದ್ದೇವೆ, ಇನ್ನರ್ಧವನ್ನು ಏರಿದರೆ ಪಿಷ್ಟವೇ ಸಿಕ್ಕುತ್ತದೆ ಎಂಬ ಭರವಸೆ ಹುಟ್ಟಿತು. ವಾಸ್ತವವಾಗಿ ಅವರು ಏರಿದ್ದುದು ಬೇರೊಂದು ಮನೆಯ ಮೆಟ್ಟಿಲನ್ನು.

ಕಡಿಯುವ ಆಮ್ಲವೇ ಕೂಡಿಸುವುದು ಹೇಗೆ ಎಂದು ಕೆಲವರು ಕೇಳಬಹುದು. ೧೮೯೦ರಲ್ಲಿ ಜರ್ಮನಿಯ ವೋಲ್ ಎಂಬ ಪಂಡಿತನು ಇದನ್ನು ವಿವರವಾಗಿ ವಿಚಾರಿಸಿದನು. ಬಾಗಿಲು ಕಾಯುವವನು ಒಳಬರುವವರಿಗೂ ಹೊರಹೋಗುವವರಿಗೂ ಒಂದೇ ಬಾಗಿಲನ್ನು ತೆರೆಯುವಂತೆ, ಆಮ್ಲವು ಎರಡು ಕೆಲಸಕ್ಕೂ ಅನುಕೂಲವನ್ನು ಮಾಡಿಕೊಡುತ್ತದೆ. ನೀರು ಯಥೇಚ್ಛವಾಗಿದ್ದರೆ ಸರಪಳಿ ಕಡಿಯುತ್ತದೆ. ನೀರು ಕಡಮೆಯಾಗಿ ಸಕ್ಕರೆ ದಟ್ಟವಾಗಿದ್ದರೆ ಅಣುಗಳು ಮತ್ತೆ ಕೂಡಿಕೊಳ್ಳುತ್ತವೆ. ಆದರೆ ಯಾರು ಯಾರ ಕೈಯನ್ನು ಹೇಗೆ ಹಿಡಿಯಬೇಕೆಂಬುದನ್ನು ಬಾಗಿಲು ಕಾಯುವವನು ಹೇಳಿಕೊಡುವುದಿಲ್ಲ. ತೊಂದರೆಯೆಲ್ಲ ಇರುವುದು ಅಲ್ಲಿಯೇ.

ಇದನ್ನು ಮೊದಲು ಕಂಡುಕೊಂಡವನೆಂದರೆ ಸಕ್ಕರೆಯ ರಸಾಯನದಲ್ಲಿ ಗುರುಸ್ಥಾನದಲ್ಲಿರುವ ಎಮಿಲ್ ಫಿಷರ್. ೧೮೯೦ರಲ್ಲಿ ಆತನು ವ್ಯೂರ್ಟ್ಸ್‌ಬುರ್ಗ್ ವಿಶ್ವವಿದ್ಯಾನಿಲಯದಲ್ಲಿದ್ದನು. ಅದೇ ವರ್ಷ ಗ್ಲೂಕೋಸನ್ನೇ ಕೃತಕವಾಗಿ ನಿರ್ಮಿಸಿ ಕೀರ್ತಿಯನ್ನು ಪಡೆದಿದ್ದನು. ಇನ್ನು ಎರಡು ಗ್ಲೂಕೋಸುಗಳನ್ನು ಕೂಡಿಸಬೇಕು. ಕೂಡಿದರೆ ಮೊಳೆತ ಧಾನ್ಯದಲ್ಲಿ ಪಿಷ್ಟವು ಕಡಿದಾಗ ದೊರೆಯುವ ಮಾಲ್ಟೋಸು ಬರಬೇಕು. ಅಲ್ಲಿಂದ ಮುಂದೆ ಪಿಷ್ಟಕ್ಕೆ ದಾರಿ. ಆತನು ಗ್ಲೂಕೋಸನ್ನು ತೀವ್ರವಾದ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕರಗಿಸಿ ತಣ್ಣಗೆ ಇಟ್ಟನು. ಮದ್ಯಸಾರ ಮತ್ತು ಈಥರುಗಳಿಂದ ಗಸಿಯನ್ನು ಇಳಿಸಿದನು. ಅದರಲ್ಲಿ ಎರಡು ಗ್ಲೂಕೋಸುಗಳು ಕೂಡಿದ ಸಕ್ಕರೆ ನಿಜವಾಗಿಯೂ ಇದ್ದಿತು. ಬೇರೊಬ್ಬನಾಗಿದ್ದರೆ ಅಲ್ಲಿಯೇ ಮಾಲ್ಟೋಸು ಎಂದು ಸಾರಿಬಿಡುತ್ತಿದ್ದನೇನೊ.

ಫಿಷರನ ಕೈಯಲ್ಲಿ ಒಂದು ಒರೆಗಲ್ಲು ಇದ್ದಿತು. ಫಿನೈಲ್‌ಹೈಡ್ರಜೀನ್ ಎಂಬ ದ್ರವವನ್ನು ಸಕ್ಕರೆಯೊಡನೆ ಕಾಯಿಸಿದರೆ ಓಸಜೋನ್ ಎಂಬ ಹಳದಿಯ ಹರಳುಗಳು ಬೀಳುತ್ತವೆ. ಅವುಗಳ ಆಕಾರ, ಕರಗುವ ಉಷ್ಣತೆಗಳಿಂದ ಸಕ್ಕರೆಯ ಗುರುತು ಹಿಡಿಯಬಹುದು. ನಮ್ಮ ಕಾಲೇಜುಗಳಲ್ಲಿ ರಸಾಯನವನ್ನು ಓದಿದವರು ಈ ಹಳದಿಯ ಸೂಜಿಗಳನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿರಬಹುದು. ಪರೀಕ್ಷೆಯ ದಿನ ಅವು ಬೀಳದೆ ಸತಾಯಿಸಿದುದನ್ನೂ ಮರೆತಿರಲಾರರು. ಆ ದ್ರವವು ವಿಷ. ಅದರೊಡನೆ ವರ್ಷಗಟ್ಟಲೆ ಕೆಲಸ ಮಾಡಿ ಫಿಷರನು ಆರೋಗ್ಯವನ್ನು ಕೆಡಿಸಿಕೊಂಡನು. ತನ್ನ ಹೊಸ ಸಕ್ಕರೆಯ ಓಸಜೋನನ್ನು ಮಾಲ್ಟೋಸಿನ ಓಸಜೋನಿನ ಪಕ್ಕದಲ್ಲಿಟ್ಟು ನೋಡಲು, ಹೊಸದು ಬಹಳ ಕಡಮೆ ಉಷ್ಣತೆಯಲ್ಲಿಯೇ ಕರಗಿಹೋಯಿತು. ಬಯಸಿದ ವಸ್ತು ಬರಲಿಲ್ಲವೆಂಬುದನ್ನು ಆತನು ಮುಚ್ಚಿಡಲಿಲ್ಲ. ಇದು ಮಾಲ್ಟೋಸು ಅಲ್ಲ, ಅದರ ಸೋದರ ಎಂದು ಹೇಳಿ ಐಸೊಮಾಲ್ಟೋಸು ಎಂಬ ಹೊಸ ಹೆಸರನ್ನಿಟ್ಟನು. ಆತನು ಪಡೆದುದು ಕೂಡ ಶುದ್ಧವಾದ ಒಂದೇ ವಸ್ತುವಾಗಿರಲಿಲ್ಲ, ಅದರಲ್ಲಿ ಜೆನ್ಶಿಯೋಬಯೋಸು ಎಂಬ ಇನ್ನೊಂದು ಸಕ್ಕರೆಯೂ ಬೆರೆತಿದ್ದಿತೆಂದು ೧೯೨೬ರಲ್ಲಿ ಗೊತ್ತಾಯಿತು. ಆದರೂ ಮುಖ್ಯವಾದ ಮಾತಿನಲ್ಲಿ ಆತನು ತಪ್ಪಲಿಲ್ಲ.

ಎಂಟು ವರ್ಷಗಳ ಮೇಲೆ, ೧೮೯೮ರಲ್ಲಿ, ಇಂಗ್ಲೆಂಡಿನ ಕ್ರಾಫ್ಟ್ ಹಿಲ್ ಎಂಬುವನು ಆಮ್ಲವನ್ನು ಬಿಟ್ಟು ಯೀಸ್ಟಿನ ಕಿಣ್ವವನ್ನು ಹಿಡಿದನು. ಮಾಲ್ಟೋಸನ್ನು ಕಡಿಯುವ ಕಿಣ್ವವನ್ನು ದಟ್ಟವಾದ ಗ್ಲೂಕೋಸಿನ ಪಾಕದಲ್ಲಿ ಬಹುಕಾಲ ಬಿಟ್ಟು, ಅದು ಸಕ್ಕರೆಗಳನ್ನು ಕೂಡಿಸುವುದನ್ನು ಕಂಡನು. ಕಿಣ್ವವು ಎರಡು ದಿಕ್ಕಿಗೂ ಕೆಲಸ ಮಾಡಬಲ್ಲದೆಂಬುದು ದೊಡ್ಡ ಶೋಧನೆ. ಅದು ಇಂದಿಗೂ ನಿಂತಿದೆ. ಆದರೆ ಕೂಡಿ ಬಂದುದು ಮಾಲ್ಟೋಸು ಎಂದು ಆತನು ಹೇಳಿದ್ದು ನಿಲ್ಲಲಿಲ್ಲ. ೧೯೦೧ರಲ್ಲಿ ಎಮ್ಮರ್ಲಿಂಗನು ಪರೀಕ್ಷಿಸಿ, ಅದು ಫಿಷರನ ಐಸೊಮಾಲ್ಟೋಸೇ ಎಂದು ಹೇಳಿದನು.

ಮಾಲ್ಟೋಸಿಗೆ ಗುರಿಯಿಟ್ಟವರಿಗೆಲ್ಲ ಐಸೊಮಾಲ್ಟೋಸೇ ಏಕೆ ದೊರೆಯಬೇಕು? ಗ್ಲೂಕೋಸಿನ ಅಣುವಿನಲ್ಲಿ ಆರು ಅಂಗಾರ ಪರಮಾಣುಗಳಿವೆ. ಮೊದಲನೆಯದು ಕೊಂಡಿ ಹಾಕುವ ಕೈ ಎಂದಿಟ್ಟುಕೊಳ್ಳೋಣ. ಅದು ಇನ್ನೊಂದು ಗ್ಲೂಕೋಸಿನ ಎರಡು, ಮೂರು, ನಾಲ್ಕು, ಆರು ಎಂಬ ಸ್ಥಾನಗಳಲ್ಲಿ ಯಾವುದನ್ನಾದರೂ ಹಿಡಿಯಬಹುದು. ಹಿಡಿಯುವಾಗ ಕೈ ಕೆಳಮುಖವಾಗಿರಬಹುದು, ಇಲ್ಲವೆ ಮೇಲ್ಮುಖವಾಗಿರಬಹುದು. ಇವು ಎಂಟು ಬಗೆ. ಕೈಗೆ ಕೈಯೇ ಸೇರಿದರೆ ಇನ್ನೂ ಮೂರು ಬಗೆ. ಬರಿಯ ಎರಡು ಗ್ಲೂಕೋಸುಗಳು ಹೀಗೆ ಹನ್ನೊಂದು ರೀತಿಯಲ್ಲಿ ಕೂಡಬಲ್ಲವು. ಅವುಗಳಲ್ಲಿ ನಾಲ್ಕನೆಯ ಸ್ಥಾನವನ್ನು ಕೆಳಮುಖದ ಕೈ ಹಿಡಿದರೆ ಮಾಲ್ಟೋಸು. ಹಾಗೆಯೇ ಮುಂದುವರಿದರೆ ಪಿಷ್ಟದ ಸರಪಳಿ. ಅದೇ ನಾಲ್ಕನೆಯ ಸ್ಥಾನವನ್ನು ಮೇಲ್ಮುಖದ ಕೈ ಹಿಡಿದರೆ ಹತ್ತಿಯ ನೂಲು. ಅನ್ನಕ್ಕೂ ಅರಿವೆಗೂ ಇರುವ ಅಂತರವು ಇಷ್ಟೇ! ಆಮ್ಲದ ಪಾಕದಲ್ಲಿಯಾದರೋ ಅಣುಗಳು ಜಾತ್ರೆಯ ನೂಕುನುಗ್ಗಲಿನಲ್ಲಿ ಸಿಕ್ಕ ಕೈ ಹಿಡಿಯುವವರಂತೆ ಕೂಡುತ್ತವೆ. ಆರನೆಯ ಸ್ಥಾನವು ಅಣುವಿನಿಂದ ಹೊರಕ್ಕೆ ಚಾಚಿಕೊಂಡಿರುವುದರಿಂದ ಅದೇ ಹೆಚ್ಚಾಗಿ ಸಿಕ್ಕುತ್ತದೆ. ಐಸೊಮಾಲ್ಟೋಸಿನಲ್ಲಿರುವುದು ಆ ಆರನೆಯ ಹಿಡಿತ. ಎರಡು ಅಣುಗಳ ಗತಿಯೇ ಹೀಗಾದರೆ ಸಾವಿರದ ಮಾತೇನು? ಹಿಂದಿನವರ ಡೆಕ್ಸ್ಟ್ರಿನ್ ಎಂದರೆ ಬಗೆಬಗೆಯ ಹಿಡಿತಗಳೂ ಸೇರಿದ ಸಿಕ್ಕುನೂಲು.

ಈ ವಿವರಗಳೆಲ್ಲ ಫಿಷರನ ಕಾಲಕ್ಕೆ ತಿಳಿದಿರಲಿಲ್ಲ. ೧೯೨೦ರ ಸುಮಾರಿನಲ್ಲಿ ಬೇರೊಂದು ಅಭಿಪ್ರಾಯವು ಪ್ರಬಲವಾಗಿದ್ದಿತು. ಪಿಷ್ಟ, ಸೆಲ್ಯುಲೋಸುಗಳು ಉದ್ದವಾದ ಸರಪಳಿಗಳೇ ಅಲ್ಲ, ಚಿಕ್ಕ ಅಣುಗಳು ಗುಂಪುಗೂಡಿ ದೊಡ್ಡದಾಗಿ ತೋರುತ್ತವೆ, ಅಷ್ಟೆ ಎಂದು ಜೂರಿಕ್ಕಿನ ಕಾರರ್, ಬರ್ಲಿನ್ನಿನ ಹೆಸ್ ಮೊದಲಾದ ಘನ ಪಂಡಿತರು ವಾದಿಸುತ್ತಿದ್ದರು. ಚಿಕ್ಕ ಅಣುವಾದರೆ ಕಟ್ಟುವುದೂ ಚಿಕ್ಕ ಕೆಲಸವೇ ತಾನೆ! ಅಂಥ ಆಶೆಗೆ ಆಸ್ಪದ ಕೊಟ್ಟುದು ಜಿನೀವದ ಆಮೆ ಪಿಕ್ಟೆಯ ಪ್ರಯೋಗ. ೧೯೧೮ರಲ್ಲಿ ಆತನು ಗಾಳಿಯನ್ನು ತೆಗೆದ ಪಾತ್ರೆಯಲ್ಲಿ ಪಿಷ್ಟವನ್ನೂ ಸೆಲ್ಯುಲೋಸನ್ನೂ ಕಾಯಿಸಿ ಭಟ್ಟಿ ಇಳಿಸಿದನು. ಎರಡರಿಂದಲೂ ಲೆವೊಗ್ಲೂಕೋಸಾನ್ ಎಂಬ ಒಂದೇ ಹರಳು ಬಂದಿತು. ಗ್ಲೂಕೋಸಿನಿಂದ ಒಂದು ಅಣು ನೀರನ್ನು ತೆಗೆದರೆ ಉಳಿಯುವ ವಸ್ತುವೇ ಅದು. ಅದರ ಘಟಕಗಳ ಲೆಕ್ಕ ಪಿಷ್ಟದ ಲೆಕ್ಕವೇ. ಇದನ್ನು ಕಾಯಿಸಿ ಕೂಡಿಸಿದರೆ ಪಿಷ್ಟವೇ ಆಗಬೇಕೆಂದು ಯಾರಿಗಾದರೂ ತೋರುವಂತಿದ್ದಿತು. ಪಿಕ್ಟೆ ಕಾಯಿಸಿದನು, ಅಣುಗಳು ಕೂಡಿದುವು, ಬಂದುದು ಮತ್ತೆ ಡೆಕ್ಸ್ಟ್ರಿನ್!

ಪಿಕ್ಟೆ ಸಾಮಾನ್ಯನಲ್ಲ. ಹೊಗೆಸೊಪ್ಪಿನ ನಿಕೋಟೀನನ್ನು ೧೯೦೪ರಲ್ಲಿ ಕೃತಕವಾಗಿ ನಿರ್ಮಿಸಿ ಹೆಸರಾಗಿದ್ದವನು. ೧೯೨೮ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಫೋಗಲ್ ಎಂಬ ಸಹೋದ್ಯೋಗಿಯೊಡನೆ ಆತನು ಗ್ಲೂಕೋಸು ಮತ್ತು ಫ್ರಕ್ಟೋಸುಗಳನ್ನು ಕೂಡಿಸಿ ಕಬ್ಬಿನ ಸಕ್ಕರೆಯನ್ನು ನಿರ್ಮಿಸಿದೆನೆಂದು ಪ್ರಕಟಿಸಿದನು. ಕಬ್ಬಿನ ಸಕ್ಕರೆ ಬಹುಶರ್ಕರವಲ್ಲ, ಎರಡೇ ಅಣುಗಳ ಜೋಡಿ. ಆದರೆ ಎರಡನ್ನು ಬೇಕಾದ ಹಾಗೆ ಕೂಡಿಸಬಲ್ಲವನೇ ಸಾವಿರವನ್ನು ಕೂಡಿಸುವ ಆಶೆಯನ್ನು ಇಟ್ಟುಕೊಳ್ಳಬಹುದು. ಆದುದರಿಂದ ಈ ವಾರ್ತೆಗೆ ಅಷ್ಟು ಬೆಲೆ ಬಂದಿತು. ಬುಡಾಪೆಸ್ಟಿನ ಜೆಂಪ್ಲೇನ್ ೧೯೨೯ರಲ್ಲಿ ಅದೇ ಪ್ರಯೋಗವನ್ನು ಮಾಡಿ ನೋಡಿದನು. ಕಬ್ಬಿನ ಸಕ್ಕರೆ ಬರಲಿಲ್ಲ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾನಿಲಯದಲ್ಲಿ ಅರ್ವಿನ್ ಮತ್ತು ಅವರ ಸಂಗಡಿಗರೂ ಮಾಡಿ ನೋಡಿದರು. ಅವರಿಗೆ ಬಂದುದು ಕಬ್ಬಿನ ಸಕ್ಕರೆಯ ಒಂದು ಸೋದರ ವಸ್ತು. ಈ ಸರ್ ಜೇಮ್ಸ್ ಅರ್ವಿನ್ನರ ಹೆಸರನ್ನು ನಮ್ಮ ಬೆಂಗಳೂರೂ ಬಲ್ಲದು: ಸರ್ ಸಿ. ವಿ. ರಾಮನ್ನರು ನಿರ್ದೇಶಕರಾಗಿದ್ದ ಕಾಲದಲ್ಲಿ, ೧೯೩೬ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ಯವನ್ನು ಪರಿಶೀಲಿಸಿದ ಸಮಿತಿಗೆ ಇವರೇ ಅಧ್ಯಕ್ಷರು.

ಪಿಕ್ಟೆ ಮೋಸ ಮಾಡಿದನೆಂದು ನಾನು ಹೇಳಲಾರೆ. ಬಯಕೆಯು ಬಲವಾಗಿದ್ದಾಗ ಕೈಗೆ ಬಂದ ಹರಳಿನಲ್ಲಿ ಬಯಸಿದ ಹರಳೇ ಕಾಣುವುದು ವಯಸ್ಸಾದ ಪಂಡಿತರಿಗೆ ಮಾತ್ರ ಬರುವ ರೋಗವೂ ಅಲ್ಲ. ಆದರೆ ಒಬ್ಬನ ಹೆಸರಿನ ಭಾರದಿಂದ ಒಂದು ವಾಕ್ಯವು ಪುಸ್ತಕಕ್ಕೆ ಸೇರಿದರೆ ಅದನ್ನು ಕೀಳುವುದು ಎಷ್ಟು ಕಷ್ಟ! ನನ್ನಲ್ಲಿರುವ ಹಳೆಯ ಪಠ್ಯಪುಸ್ತಕವೊಂದರಲ್ಲಿ ಪಿಕ್ಟೆಯ ಸಕ್ಕರೆ ಸಾಧಿತವಾದ ಸಂಗತಿಯೆಂದೇ ಅಚ್ಚಾಗಿದೆ. ಅದನ್ನು ಓದಿ ಪರೀಕ್ಷೆಯಲ್ಲಿ ಬರೆದವರು ಎಷ್ಟು ಮಂದಿಯೋ.

ಚಿಕ್ಕ ಅಣುಗಳ ವಾದವೂ ಬಹುಕಾಲ ಬಾಳಲಿಲ್ಲ. ಸ್ಟೌಡಿಂಗರನು ೧೯೨೦ರಿಂದ ಪಟ್ಟು ಹಿಡಿದು, ಇವು ನಿಜವಾಗಿಯೂ ಉದ್ದವಾದ ಸರಪಳಿಗಳೇ ಎಂದು ಸಾಧಿಸಿದನು; ಬರ್ಮಿಂಗ್‌ಹ್ಯಾಮಿನ ಹಾವರ್ತನು ನಾಲ್ಕನೆಯ ಸ್ಥಾನದ ಹಿಡಿತವನ್ನು ಸ್ಥಿರಪಡಿಸಿದನು. ಏನನ್ನು ಕಟ್ಟಬೇಕೆಂಬುದು ಆಗ ಮೊದಲ ಬಾರಿಗೆ ಸ್ಪಷ್ಟವಾಯಿತು.

ಕಟ್ಟಿದುದು ಮಾತ್ರ ಆಮ್ಲವಲ್ಲ, ಕಿಣ್ವ. ಅಮೆರಿಕದ ಸೇಂಟ್ ಲೂಯಿಯಲ್ಲಿ ಕಾರ್ಲ್ ಕೋರಿ ಮತ್ತು ಗರ್ಟಿ ಕೋರಿ ಎಂಬ ದಂಪತಿಗಳು ೧೯೩೬ರಲ್ಲಿ ಸ್ನಾಯುವಿನೊಳಗೆ ಗ್ಲೂಕೋಸಿನ ಮೊದಲನೆಯ ಸ್ಥಾನಕ್ಕೆ ಫಾಸ್ಫೇಟು ಅಂಟಿಕೊಂಡಿರುವ ವಸ್ತುವೊಂದನ್ನು ಕಂಡುಹಿಡಿದರು. ೧೯೩೯ರಲ್ಲಿ ಅದರಿಂದಲೇ, ಕಿಣ್ವದ ನೆರವಿನಿಂದ, ಪ್ರಾಣಿಗಳ ಪಿಷ್ಟವೆನ್ನಿಸುವ ಗ್ಲೈಕೊಜೆನ್ನನ್ನು ಪರೀಕ್ಷಾನಾಳದಲ್ಲಿ ಪಡೆದರು. ೧೯೪೦ರಲ್ಲಿ ಕೇಂಬ್ರಿಡ್ಜಿನ ಹೇನ್ಸ್ ಆಲೂಗೆಡ್ಡೆಯ ರಸದಲ್ಲಿದ್ದ ಕಿಣ್ವದಿಂದ ಅಯೋಡಿನ್ನಿಗೆ ನೀಲಿಯಾಗುವ ಪಿಷ್ಟವನ್ನೇ ಮಾಡಿ ತೋರಿಸಿದನು. ಮುಸ್ಕುಲುಸನ ಆಮ್ಲದ ಜಾಡಿಯಿಂದ ಇಲ್ಲಿಗೆ ಎಪ್ಪತ್ತು ವರ್ಷಗಳಿಗೆ ಎರಡು ಕಡಮೆ. ಇದರಲ್ಲೊಂದು ವಿನೋದವುಂಟು. ಕಿಣ್ವವು ಬರಿಗೈಯಲ್ಲಿ ಸರಪಳಿಯನ್ನು ಆರಂಭಿಸಲಾರದು. ಮೊದಲೇ ಇರುವ ತುಂಡು ಸರಪಳಿಯ ತುದಿಗೆ ಒಂದೊಂದಾಗಿ ಕೊಂಡಿಯನ್ನು ಸೇರಿಸಬಲ್ಲದು. ಹಾಲು ಮೊಸರಾಗುವುದಕ್ಕೆ ಹೆಪ್ಪು ಬೇಕಾಗುವಂತೆ, ಪಿಷ್ಟವಾಗುವುದಕ್ಕೆ ಚಿಟಿಕೆ ಪಿಷ್ಟ ಬೇಕು. ಕೋರಿ ದಂಪತಿಗಳಿಗೆ ೧೯೪೭ರಲ್ಲಿ ನೊಬೆಲ್ ಬಹುಮಾನವು ಬಂದಿತು. ಜೀವಕೋಶವು ಸರಪಳಿಯನ್ನು ಕಟ್ಟುವುದಕ್ಕೆ ವಾಸ್ತವವಾಗಿ ಬೇರೊಂದು ದಾರಿಯನ್ನೇ ಹಿಡಿಯುತ್ತದೆಂದು ಬ್ಯೂನಸ್ ಏರಿಸ್ ನಗರದ ಲೆಲ್ವಾರ್ ಆಮೇಲೆ, ೧೯೫೭ರಲ್ಲಿ, ತೋರಿಸಿದನು.

ಕಿಣ್ವವಿಲ್ಲದೆ, ಬರಿಯ ರಸಾಯನದಿಂದ? ಕಬ್ಬಿನ ಸಕ್ಕರೆಯನ್ನು ೧೯೫೩ರಲ್ಲಿ ಕೆನಡದ ಲೆಮ್ಯೂ ಮತ್ತು ಹ್ಯೂಬರ್ ಸಂಶಯಕ್ಕೆ ಎಡೆಯಿಲ್ಲದಂತೆ ಕೂಡಿಸಿದರು. ಪಿಕ್ಟೆಯ ಪ್ರಕಟಣೆಯಾಗಿ ಇಪ್ಪತ್ತೈದು ವರ್ಷಗಳಾಗಿದ್ದುವು. ಪಿಕ್ಟೆಯ ಲೆವೊಗ್ಲೂಕೋಸಾನಿಗೂ ೧೯೬೬ರಲ್ಲಿ ಒಳ್ಳೆಯ ದಿನ ಬಂದಿತು. ಅಮೆರಿಕದ ಷೂರ್ಕ್ ಎಂಬುವನು ಅದರ ಬೇಡದ ಮೂರು ಸ್ಥಾನಗಳನ್ನು ಮುಚ್ಚಿ, ಕಾಯಿಸುವುದಕ್ಕೆ ಬದಲು ಅತಿಶೀತದಲ್ಲಿಟ್ಟು ಕೂಡಿಸಿದನು. ಹಿಡಿತವೆಲ್ಲ ಒಂದೇ ಬಗೆಯದಾದ ಉದ್ದವಾದ ಸರಪಳಿ ಬಂದಿತು. ಆದರೆ ಹಿಡಿತ ಆರನೆಯ ಸ್ಥಾನದ್ದು, ಪಿಷ್ಟದ್ದಲ್ಲ.

ಸಿಕ್ಕುನೂಲಾಗಿದ್ದ ಹಳೆಯ ಡೆಕ್ಸ್ಟ್ರಿನ್ನಿಗೂ ಒಂದು ಗತಿ ದೊರೆಯಿತು. ಗ್ಲೂಕೋಸಿಗೆ ಸ್ವಲ್ಪ ಸಾರ್ಬಿಟಾಲ್, ಅತ್ಯಲ್ಪ ಸಿಟ್ರಿಕ್ ಆಮ್ಲ ಸೇರಿಸಿ ಕಾಯಿಸಿದರೆ ಅಂಥದೇ ಅಂಟು ಬರುತ್ತದೆ. ಅದರ ಹಿಡಿತಗಳು ಅಡ್ಡಾದಿಡ್ಡಿಯಾಗಿರುವುದರಿಂದ ನಮ್ಮ ಹೊಟ್ಟೆಯ ಕಿಣ್ವಗಳಿಗೆ ಅದನ್ನು ಬಿಡಿಸಲು ತಿಳಿಯುವುದಿಲ್ಲ. ಒಂದು ಗ್ರಾಮಿಗೆ ಸಕ್ಕರೆ ನಾಲ್ಕು ಕ್ಯಾಲೊರಿ ಕೊಟ್ಟರೆ ಇದು ಸುಮಾರು ಒಂದನ್ನು ಮಾತ್ರ ಕೊಡುತ್ತದೆ. ಪಾಲಿಡೆಕ್ಸ್ಟ್ರೋಸು ಎಂಬ ಹೆಸರಿನಿಂದ ೧೯೮೧ರಲ್ಲಿ ಅಮೆರಿಕದ ಸರಕಾರವು ಆಹಾರದಲ್ಲಿ ಇದರ ಬಳಕೆಗೆ ಒಪ್ಪಿಗೆ ಕೊಟ್ಟಿತು. ಸಕ್ಕರೆ ಕಡಮೆಯೆಂದು ಬರೆದ ಬಿಸ್ಕತ್ತಿನ ಪೊಟ್ಟಣದ ಹಿಂದುಗಡೆ ಸಣ್ಣ ಅಕ್ಷರಗಳಲ್ಲಿ ಈ ಹೆಸರನ್ನು ಕಾಣಬಹುದು.

ಹತ್ತಿಯ ಸರಪಳಿಯ ಸರದಿ ಕಡೆಯಲ್ಲಿ ಬಂದಿತು. ೧೯೯೧ರಲ್ಲಿ ಜಪಾನಿನ ಕೊಬಾಯಾಷಿ ಮತ್ತು ಅವರ ಸಂಗಡಿಗರು ಸೆಲ್ಯುಲೋಸನ್ನು ಕಡಿಯುವ ಕಿಣ್ವದಿಂದಲೇ, ಕ್ರಾಫ್ಟ್ ಹಿಲ್ಲನು ಕಂಡಿದ್ದ ಹಿಮ್ಮುಖದ ದಾರಿಯಲ್ಲಿ, ಸೆಲ್ಯುಲೋಸನ್ನು ಕಟ್ಟಿಸಿದರು. ಕಿಣ್ವದ ಹಂಗೇ ಇಲ್ಲದೆ ಗ್ಲೂಕೋಸಿನಿಂದ ಹೊರಟು ಸೆಲ್ಯುಲೋಸನ್ನು ತಲಪಿದವರು ೧೯೯೬ರಲ್ಲಿ ಕ್ಯೋಟೋ ನಗರದ ನಕಾತ್ಸುಬೊ ಮತ್ತು ಅವರ ಸಂಗಡಿಗರು. ಅವರ ಸರಪಳಿಯಲ್ಲಿ ಇದ್ದುದು ಇಪ್ಪತ್ತರ ಆಸುಪಾಸಿನ ಕೊಂಡಿಗಳು. ಹತ್ತಿಯ ಎಳೆಯಲ್ಲಿ ಅವು ಸಾವಿರಗಟ್ಟಲೆ ಇರುತ್ತವೆ.